ಕುಡುಕನ ಪಾತ್ರ, ಕುಡುಕನ ಮಾತು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಕೇರಿಯಲ್ಲಿ ನಾವು ಬೀದಿ ನಾಟಕ ಆಡಿದ್ದೆವು. ಹಳೆಯ ನಾಟಕ, ಎಲ್ಲರೂ ಆಡುವಂಥದ್ದೇ. ಗಂಡ ಕುಡಿದು ಬರುತ್ತಾನೆ, ಹೆಂಡತಿಯನ್ನು ಹೊಡೆಯುತ್ತಾನೆ, ಮಗನ ಪಾಟಿಚೀಲ ಮಾರುತ್ತಾನೆ. ಆಮೇಲೆ ಓದಿದ ಹುಡುಗನೊಬ್ಬ ಬಂದು ಬುದ್ಧಿ ಹೇಳುತ್ತಾನೆ. ಕುಡುಕ ಅಳುತ್ತಾನೆ. ಎಲ್ಲರೂ ಸೇರಿ ಹಾಡು ಹೇಳುತ್ತೇವೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ನಾಟಕ ಮುಗಿದು ಹಲಗೆ ಎತ್ತಿಡುತ್ತಿದ್ದಾಗ ಒಬ್ಬಾತ ಹತ್ತಿರ ಬಂದ. ನಲವತ್ತರ ಮೇಲಿನ ವಯಸ್ಸು. ಕುಡಿದಿದ್ದ. ನಮ್ಮ ಪೈಕಿ ಕುಡುಕನ ಪಾತ್ರ ಮಾಡಿದವನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಯಣ್ಣಾ, ನಾಟಕ ಚಲೋ ಆತು. ಆದ್ರ ಕುಡದಾವ ಹಂಗ ಬೀಳಂಗಿಲ್ಲ ನೋಡು. ನೀವು ಬೀಳಬೇಕು ಅಂತ ಬೀಳ್ತೀರಿ. ನಾವು ಬೀಳಬಾರ್ದು ಅಂತ ನಡೀತೀವಿ. ಮನಿ ಮುಟ್ಟೋತನ ಒಂದೊಂದು ಹೆಜ್ಜಿ ಲೆಕ್ಕ ಹಾಕ್ತೀವಿ."

ನಾವು ನಕ್ಕು ಸುಮ್ಮನಾದೆವು. ಕುಡುಕನ ಮಾತು ತಾನೇ. ಊರಿಗೆ ಬಂದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಎಷ್ಟೋ ವರ್ಷ ನಾವು ವಿಮರ್ಶೆ ಬರೆದಿದ್ದೇವೆ, ಓದಿದ್ದೇವೆ. ಆ ನಾಟಕದ ಬಗ್ಗೆ ಬಂದ ವಿಮರ್ಶೆಗಳಲ್ಲಿ ಅದೊಂದೇ ಸತ್ಯವಾದದ್ದು. ಪಾತ್ರ ಯಾರದೋ ಅವನಿಗೆ ಮಾತಾಡಲು ಜಾಗವಿರಲಿಲ್ಲ. ನಾಟಕ ಮುಗಿದ ಮೇಲೆ, ದೀಪ ಆರಿದ ಮೇಲೆ, ತಾನಾಗಿ ಬಂದು ಮಾತಾಡಿದ. ಅದನ್ನೂ ನಾವು ನಗೆಯಲ್ಲಿ ಕಳೆದೆವು.

ಈ ಲೇಖನ ಆ ನಗೆಗೆ ನಾವು ಕಟ್ಟುತ್ತಿರುವ ದಂಡ.

1

ಕನ್ನಡ ಸಾಹಿತ್ಯದಲ್ಲಿ ಕುಡುಕನಿಗೆ ಜಾಗವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹನ್ನೆರಡನೇ ಶತಮಾನದಲ್ಲೇ ಹೆಂಡದ ಮಾರಯ್ಯ ಇದ್ದಾನೆ. ಹೆಂಡ ಮಾರುವ ಕಾಯಕದವನು ಶರಣರ ನಡುವೆ ಕೂತು ವಚನ ಹೇಳಿದ. ತನ್ನ ಅಂಗಡಿಯ ಭಾಷೆಯಲ್ಲೇ ಹೇಳಿದ. ಅದು ದೊಡ್ಡ ಮಾತು. ಆದರೆ ಅವನು ಮಾರುವವನು. ಕುಡಿಯುವವನು ಆಗಲೂ ಗಡಿಗೆಯ ಆಚೆ ಬದಿಯಲ್ಲೇ ನಿಂತಿದ್ದ.

ಕುಡಿಯುವವನು 'ನಾನು' ಎಂದು ಹೇಳಿದ್ದು ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಬಂದಾಗ, 1930ರ ದಶಕದಲ್ಲಿ. ಹೆಂಡಗುಡುಕ ರತ್ನ, ಅವನ ಪುಟ್ನಂಜಿ, ಅವನ ಆಡುಮಾತು. ನವೋದಯದ ಕವಿಗಳು ನಕ್ಷತ್ರ ನೋಡುತ್ತಿದ್ದ ಕಾಲದಲ್ಲಿ ಹೆಂಡದಂಗಡಿಯ ಮಾತನ್ನು ಕಾವ್ಯಕ್ಕೆ ತಂದ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಶಿಷ್ಟ ಕನ್ನಡದ ಮಡಿಯನ್ನು ಅದು ಕೆಡಿಸಿತು, ಒಳ್ಳೆಯದೇ ಆಯಿತು. ಆದರೆ ರಾಜರತ್ನಂ ಕುಡಿಯುವವರಾಗಿರಲಿಲ್ಲ. ಬೌದ್ಧ, ಜೈನ ಗ್ರಂಥಗಳನ್ನು ಕನ್ನಡಕ್ಕೆ ತಂದ ಪಂಡಿತರು, ಮಕ್ಕಳಿಗೆ ಪದ್ಯ ಬರೆದ ಮೇಷ್ಟ್ರು ಅವರು. ಕುಡಿಯದವನು ಕುಡುಕನ ಬಗ್ಗೆ ಬರೆಯಬಾರದು ಎಂದು ನಾವು ಕಟ್ಟಳೆ ಹಾಕುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ರತ್ನನ ಬಾಯಲ್ಲಿ ಬಂದದ್ದು ಕುಡಿತದ ಸುಖ, ಕನ್ನಡದ ಪ್ರೇಮ, ಲೋಕದ ವೇದಾಂತ. ಬೆಳಿಗ್ಗೆ ಎದ್ದಾಗ ನಡುಗುವ ಕೈ ಬರಲಿಲ್ಲ. ಗುತ್ತಿಗೆದಾರನ ಸಾಲದ ಚೀಟಿ ಬರಲಿಲ್ಲ. ಪುಟ್ನಂಜಿಯ ಬಾಯಿಗೆ ಪದವೇ ಬರಲಿಲ್ಲ. ಆಮೇಲೆ ಆ ಪದಗಳು ಸುಗಮ ಸಂಗೀತವಾದವು. ಮೈಸೂರು ಅನಂತಸ್ವಾಮಿಯವರ ಕೊರಳಲ್ಲಿ ಮನೆಮನೆ ಸೇರಿದವು. ಇವತ್ತು ಯಾವ ಕಲಾಮಂದಿರದಲ್ಲಿ ರತ್ನನ ಪದ ಹಾಡಿದರೂ ಸಭಿಕರು ತಲೆದೂಗುತ್ತಾರೆ. ಅದೇ ಮಂದಿರದ ಬಾಗಿಲಿಗೆ ನಿಜವಾದ ರತ್ನ ಬಂದರೆ ಕಾವಲುಗಾರ ಕತ್ತು ಹಿಡಿದು ದಬ್ಬುತ್ತಾನೆ. ಪದಕ್ಕೆ ಪ್ರವೇಶ ಸಿಕ್ಕಿತು, ಪದದ ಒಡೆಯನಿಗೆ ಸಿಗಲಿಲ್ಲ. ಈ ನ್ಯಾಯ ನಮಗೆ ಹೊಸದಲ್ಲ. ನಮ್ಮ ಹಲಗೆಗೂ ಇದೇ ಆಗಿದೆ.

ಎರಡನೆಯವನು ಶಿವರಾಮ ಕಾರಂತರ ಚೋಮ. 1933ರ 'ಚೋಮನ ದುಡಿ'. ಚೋಮನಿಗೆ ಸಮಾಧಾನ ಕೊಡುವಂಥವು ಎರಡೇ: ಕಳ್ಳು ಮತ್ತು ದುಡಿ. ಅವನಿಗೆ ಬೇಕಾದದ್ದು ತುಂಡು ಭೂಮಿ. ಅದನ್ನು ಜಾತಿ ಕೊಡಲಿಲ್ಲ. ರತ್ನನಿಗಿಂತ ಚೋಮ ನಮಗೆ ಹತ್ತಿರ, ಯಾಕೆಂದರೆ ಇಲ್ಲಿ ಕುಡಿತಕ್ಕೆ ಕಾರಣ ಇದೆ, ಕಾರಣಕ್ಕೆ ಜಾತಿ ಇದೆ, ಜಾತಿಗೆ ಜಮೀನು ಇದೆ. ಆದರೆ ಚೋಮ ಒಂಟಿ. ಅವನ ಜೊತೆ ಕಳ್ಳಂಗಡಿಯಲ್ಲಿ ಕೂತ ಇನ್ನು ಹತ್ತು ಚೋಮಂದಿರು ಒಬ್ಬರಿಗೊಬ್ಬರು ಏನು ಹೇಳಿಕೊಂಡರು, ಕಾದಂಬರಿ ಕೇಳಿಸಿಕೊಳ್ಳುವುದಿಲ್ಲ. ಓದುವವನ ಕಣ್ಣಲ್ಲಿ ನೀರು ತರಿಸಿ ಚೋಮ ಸಾಯುತ್ತಾನೆ. ಕುಡುಕ ನಗಿಸಬೇಕು, ಇಲ್ಲವೇ ಸಾಯಬೇಕು. ನಡುವೆ ಬದುಕುವುದಕ್ಕೆ ಅವನಿಗೆ ಸಾಹಿತ್ಯದಲ್ಲಿ ಹಾದಿ ಇಲ್ಲ.

ಮೂರನೆಯದು ಸಿನಿಮಾ. 1992ರಲ್ಲಿ ಬಂದ 'ಜೀವನಚೈತ್ರ' ನೆನಪಿರಬಹುದು. ರಾಜಕುಮಾರ್ ಸಾರಾಯಿ ವಿರುದ್ಧ ನಿಂತರು, ಊರೂರಲ್ಲಿ ಜನ ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿ ನೋಡಿದರು. ಅದರ ಪರಿಣಾಮ ಸಣ್ಣದಲ್ಲ. ಆದರೆ ಆ ಸಿನಿಮಾದಲ್ಲಿ ಊರನ್ನು ಉಳಿಸುವವನು ಯಾರು? ಜಮೀನ್ದಾರ. ಒಳ್ಳೆಯ ಜಮೀನ್ದಾರ, ಕೆಟ್ಟ ಸಾರಾಯಿಯವನು, ನಡುವೆ ತಲೆತಗ್ಗಿಸಿ ನಿಂತ ಕುಡುಕರ ಹಿಂಡು. ಹಿಂಡಿಗೆ ಹೆಸರಿಲ್ಲ. ಅದು ಕುಡಿದರೂ ಯಜಮಾನನ ಋಣ, ಬಿಟ್ಟರೂ ಯಜಮಾನನ ಋಣ.

ಈ ಸೀಮೆಯ ಭಾಷೆ ಸಾಹಿತ್ಯಕ್ಕೆ ಬಂದಿಲ್ಲವೇ ಎಂದರೆ ಬಂದಿದೆ. ಕೊಟ್ಟೂರಿನ ಕುಂ. ವೀರಭದ್ರಪ್ಪ ನಮ್ಮ ಕಡೆಯ ಬೈಗುಳ, ಬೆವರು, ಬಿಸಿಲು ಎಲ್ಲವನ್ನೂ ಕಥೆ ಕಾದಂಬರಿಗೆ ತಂದರು. 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಲ್ಲಿಗೆ ನಮ್ಮ ಮಾತು ಕೀಳು ಎಂಬ ವಾದ ಮುಗಿಯಿತು. ಆದರೆ ಮಾತು ಬಂದ ಮಾತ್ರಕ್ಕೆ ಮಾತಾಡುವವರೆಲ್ಲ ಬಂದಂತಲ್ಲ. ದಲಿತರ ಆತ್ಮಕಥೆ ಬಂತು, ಮಹಿಳೆಯರದು ಬಂತು. ಕುಡಿಯುವವನು ತಾನು ಕುಡಿದ ಕಥೆಯನ್ನು, ಬಿಟ್ಟ ಕಥೆಯನ್ನು, ಬಿಟ್ಟು ಮತ್ತೆ ಹಿಡಿದ ಕಥೆಯನ್ನು, ತನ್ನಂಥವರ ಜೊತೆ ಸೇರಿ ಬರೆದದ್ದು ಎಲ್ಲಿದೆ?

2

ಇಷ್ಟು ಬೇರೆಯವರನ್ನು ಕೇಳಿದ ಮೇಲೆ ನಮ್ಮನ್ನು ನಾವು ಕೇಳಿಕೊಳ್ಳದಿದ್ದರೆ ಅದು ಬಂಡಾಯವಲ್ಲ, ಬೂಟಾಟಿಕೆ.

ದಲಿತ ಸಂಘರ್ಷ ಸಮಿತಿ ಕೂಗಿದ ಘೋಷಣೆಗಳಲ್ಲಿ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂಬುದು ನಮಗೆ ಹೆಮ್ಮೆಯದು. ಇವತ್ತಿಗೂ ಹೆಮ್ಮೆಯದೇ. ಕೇರಿಗೆ ಸರ್ಕಾರ ಮೊದಲು ಕಳಿಸಿದ್ದು ಸಾರಾಯಿ, ಕೊನೆಗೆ ಕಳಿಸಿದ್ದು ಶಾಲೆ ಎಂಬ ಸತ್ಯವನ್ನು ನಾಲ್ಕೇ ಮಾತಿನಲ್ಲಿ ಹೇಳಿದ ಘೋಷಣೆ ಅದು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಒಂದು. ನಾವು ಅದನ್ನು ತೆಗೆದುಹಾಕಲು ಬಂದವರಲ್ಲ.

ಆದರೆ ಘೋಷಣೆ ಕೂಗಿದ ನಾವು ವಸತಿ ಶಾಲೆಗೆ ಹೋದೆವು, ನೌಕರಿ ಹಿಡಿದೆವು, ಬರಹಗಾರರಾದೆವು. ಹೆಂಡ ಬಿಡದ ಅಪ್ಪ ಕೇರಿಯಲ್ಲೇ ಉಳಿದ. ಅವನು ನಮಗೆ ನಾಚಿಕೆಯಾದ. ಸಭೆಗೆ ಬಂದರೆ ಹಿಂದಕ್ಕೆ ಕಳಿಸಿದೆವು. "ಇಂಥವರಿಂದಾಗೇ ನಮ್ಮ ಜಾತಿಗೆ ಕೆಟ್ಟ ಹೆಸರು" ಎಂದು ನಮ್ಮ ನಾಲಿಗೆಯೇ ಆಡಿತು. ಈ ಮಾತು ಎಲ್ಲಿಂದ ಬಂತು? ಮೇಲುಜಾತಿಯವರು ನಮ್ಮ ಇಡೀ ಕೇರಿಗೆ ಆಡುತ್ತಿದ್ದ ಮಾತನ್ನು ನಾವು ಕೇರಿಯ ಒಳಗಿನ ಒಬ್ಬನಿಗೆ ಆಡಿದೆವು. ಕೊಳಕು ಎಂದು ನಮ್ಮನ್ನು ಹೊರಗಿಟ್ಟವರ ಕಣ್ಣನ್ನು ಎರವಲು ತಂದು ನಮ್ಮ ಅಪ್ಪನನ್ನು ನೋಡಿದೆವು.

ಅವನಿಗೆ ಹೆಂಡ ಹಿಡಿಸಿದವರು ಯಾರು ಎಂಬುದನ್ನೂ ಮರೆತೆವು. ದನ ಸತ್ತರೆ ಎಳೆಯುವುದಕ್ಕೆ, ಹೆಣಕ್ಕೆ ಕುಣಿ ತೋಡುವುದಕ್ಕೆ, ಜಾತ್ರೆಯಲ್ಲಿ ಹಲಗೆ ಬಾರಿಸುವುದಕ್ಕೆ ಊರು ಕೂಲಿಯ ಜೊತೆಗೆ, ಎಷ್ಟೋ ಸಲ ಕೂಲಿಯ ಬದಲಿಗೆ, ಕುಡಿಯಲು ಕೊಡುತ್ತಿತ್ತು. ಗುಂಡಿಗೆ ಇಳಿಯುವವನಿಗೆ ವಾಸನೆ ತಡೆಯಲು ಕುಡಿಸಿ ಇಳಿಸುತ್ತಿದ್ದರು. ಕುಡಿತ ಅವನ ಚಟವಾಗುವ ಮೊದಲು ಅವನ ಸಂಬಳವಾಗಿತ್ತು.

3

ಈಗ ಈ ಐದು ತಾಲ್ಲೂಕುಗಳ ಲೆಕ್ಕಕ್ಕೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಅಜ್ಜಂದಿರು ಮದ್ರಾಸ್ ಪ್ರಾಂತ್ಯದವರು. 1937ರ ಕಾಯ್ದೆಯಿಂದ ಶುರುವಾದ ಮದ್ರಾಸಿನ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಕುಡಿಯುವುದೇ ಅಪರಾಧವಾಯಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು. 1960ರ ದಶಕದ ಕೊನೆಗೆ ಮೈಸೂರಿನಲ್ಲಿ ನಿಷೇಧ ಸಡಿಲವಾಗಿ ಸಾರಾಯಿ ಹರಾಜು ರಾಜಕೀಯದ ಬೆನ್ನೆಲುಬಾಯಿತು. ಅಪ್ಪ ಕುಡಿದರೆ ಸರ್ಕಾರದ ಬೊಕ್ಕಸ ತುಂಬಿತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಕೋಲಾರ ಕೃಷ್ಣಗಿರಿ ಸೀಮೆಯಲ್ಲಿ ಮತ್ತೆ ಕಳ್ಳಭಟ್ಟಿ, ಮತ್ತೆ ನೂರಾರು ಹೆಣ. ಎರಡು ಸಲವೂ ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಬಾರಿನಲ್ಲಿ ಕೂತು ಕುಡಿಯುವವನು ಸಾಯುವುದಿಲ್ಲ.

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ತಿರುಗಿ ಬಂತು, 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ಜಿಲ್ಲೆ ಬದಲಾಯಿತು, ಕ್ವಾಟರ್ ಬದಲಾಗಲಿಲ್ಲ. ಲೈಸೆನ್ಸಿನ ಅಂಗಡಿ ಪಟ್ಟಣದಲ್ಲಿ, ಅದರ ಪೌಚು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ. ಉಪ್ಪು, ಬೆಂಕಿಪೊಟ್ಟಣದ ಪಕ್ಕದಲ್ಲಿ. 2023-24ಕ್ಕೆ ರಾಜ್ಯ ಸರ್ಕಾರ ಅಬಕಾರಿಯಿಂದ 36,000 ಕೋಟಿ ರೂಪಾಯಿ ಗುರಿ ಇಟ್ಟಿತು. 2025-26ಕ್ಕೆ 40,000 ಕೋಟಿ. ಗುರಿ ಎಂದರೆ ಏನು? ಇಷ್ಟು ಮಂದಿ ಇಷ್ಟು ಕುಡಿಯಲೇಬೇಕು ಎಂದು ಬಜೆಟ್ಟಿನಲ್ಲಿ ಬರೆದ ಹಾಗೆ. ಸಂವಿಧಾನದ 47ನೇ ವಿಧಿ ಒಂದು ಕಡೆ, ಗುರಿ ಇನ್ನೊಂದು ಕಡೆ. ಗುರಿ ಮುಟ್ಟಿಸಿದವನು ಚರಂಡಿಯ ಪಕ್ಕ ಬಿದ್ದಿದ್ದರೆ ಅವನಿಗೆ ಪೊಲೀಸರ ಲಾಠಿ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಹುತಾತ್ಮರ ಸ್ಮಾರಕ ಇದೆ. ಅದೇ ಊರಲ್ಲಿ 2016ರ ಜೂನ್‌ನಲ್ಲಿ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ ರಾಜೀನಾಮೆ ಕೊಟ್ಟರು. ಅಂಬೇಡ್ಕರ್ ಭವನದ ದಾರಿಗೆ ಮದ್ಯದಂಗಡಿಯ ಕಟ್ಟಡ ಅಡ್ಡ ಬರುತ್ತದೆ ಎಂಬ ದೂರಿನಿಂದ ಹೊತ್ತಿದ ಜಗಳ ಅದು. ರಾಜ್ಯದ ಪತ್ರಿಕೆಗಳೆಲ್ಲ ಕೂಡ್ಲಿಗಿಯ ಹೆಸರು ಬರೆದವು. ಅಧಿಕಾರಿ ಮಾತಾಡಿದರು, ಮಂತ್ರಿ ಮಾತಾಡಿದರು, ಪಕ್ಷಗಳು ಮಾತಾಡಿದವು, ನಾವೂ ಮಾತಾಡಿದೆವು. ಆ ಅಂಗಡಿಯಲ್ಲಿ ದಿನಾ ಸಂಜೆ ನಿಲ್ಲುವ ಹಮಾಲಿಯನ್ನು, ಗಾರೆಯವನನ್ನು, ಗುಳೆ ಹೋಗಿ ಬಂದವನನ್ನು ಒಬ್ಬ ವರದಿಗಾರನೂ ಕೇಳಲಿಲ್ಲ. ಗಾಂಧಿಯ ಬೂದಿ, ಅಂಬೇಡ್ಕರರ ಭವನ, ಮದ್ಯದಂಗಡಿ ಮೂರೂ ಒಂದೇ ಊರಲ್ಲಿವೆ. ಮೂರರ ನಡುವೆ ನಡೆದಾಡುವವನಿಗೆ ಮಾತ್ರ ಬಾಯಿಲ್ಲ.

4

ಎರಡನೇ ದುಂಡುಮೇಜಿನ ಪರಿಷತ್ತಿನಲ್ಲಿ, 1931ರಲ್ಲಿ, ಗಾಂಧಿ ಅಸ್ಪೃಶ್ಯರ ಪ್ರತಿನಿಧಿ ತಾನೇ ಎಂದರು. ಅಂಬೇಡ್ಕರ್ ಒಪ್ಪಲಿಲ್ಲ. ಗಾಂಧಿಗೆ ಕರುಣೆ ಇರಲಿಲ್ಲ ಎಂದಲ್ಲ. ಕರುಣೆ ಪ್ರಾತಿನಿಧ್ಯವಲ್ಲ ಎಂಬುದು ಅವರ ವಾದ. ನಮ್ಮ ಚಳವಳಿಯ ತಳಪಾಯವೇ ಈ ವಾದ. ನಮ್ಮ ನೋವನ್ನು ನಾವೇ ಹೇಳುತ್ತೇವೆ, ನಿಮ್ಮ ಅನುಕಂಪದ ಕಾದಂಬರಿ ಸಾಕು ಎಂದು ನಾವು ನವ್ಯರಿಗೆ ಹೇಳಿದ್ದು ಇದರಿಂದಲೇ.

ಹಾಗಾದರೆ ಕುಡಿಯುವವನ ಮಟ್ಟಿಗೆ ನಾವೇ ಗಾಂಧಿಯಾದದ್ದು ಯಾವಾಗ?

ಒಬ್ಬ ಗೆಳೆಯರು ತಕ್ಷಣ ಹೇಳುತ್ತಾರೆ: "ಕುಡಿತ ಹುಟ್ಟಿನಿಂದ ಬಂದದ್ದಲ್ಲ, ಬಿಡಬಹುದು. ಜಾತಿ ಬಿಡಲಾಗದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ." ಮಾತು ಸರಿ. ನಾವು ತೂಗುತ್ತಿರುವುದು ಜಾತಿಯನ್ನೂ ಕುಡಿತವನ್ನೂ ಅಲ್ಲ, ಮಾತಾಡುವ ಹಕ್ಕನ್ನು. ಕುಡಿಯುವವರ ಸಂಘ ಎಂದರೆ ಕುಡಿತ ಉಳಿಸುವ ಸಂಘ ಎಂದು ಯಾಕೆ ಹೆದರಬೇಕು? ನಮ್ಮ ಇದೇ ಸೀಮೆಯಲ್ಲಿ ಉತ್ತರ ಇದೆ.

ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ದೇವದಾಸಿ ಪದ್ಧತಿಯ ಗಾಯ ಹೊತ್ತ ನೆಲ. 1982ರಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸಿ ಕಾಯ್ದೆ ಬಂತು. ಕಾಯ್ದೆ ಬಂದ ಮೇಲೂ ಆ ತಾಯಂದಿರನ್ನು ಮಾತಾಡಿಸಿದವರು ಕಡಿಮೆ, ಉದ್ಧಾರ ಮಾಡಲು ಬಂದವರು ಹೆಚ್ಚು. ಸರ್ಕಾರದ ಎರಡು ಸಮೀಕ್ಷೆಗಳು, 1993-94 ಮತ್ತು 2007-08ರವು, ರಾಜ್ಯದಲ್ಲಿ 46,660 ಮಂದಿಯನ್ನು ಪಟ್ಟಿಗೆ ಸೇರಿಸಿದವು. ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಕಟ್ಟಿಕೊಂಡು ಆ ತಾಯಂದಿರೇ ಬೀದಿಗೆ ಬಂದರು. ಮಾಸಾಶನ ಕೇಳಿದರು, ಮನೆ ಕೇಳಿದರು, ಭೂಮಿ ಕೇಳಿದರು, ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಕೇಳಿದರು. ದೇವದಾಸಿಯರು ಸಂಘ ಕಟ್ಟಿದ್ದು ಪದ್ಧತಿ ಉಳಿಸಲಿಕ್ಕೆ ಎಂದು ಯಾರಾದರೂ ಹೇಳಿದರೇ? ಪದ್ಧತಿ ಹೋಗಬೇಕು, ಅದಕ್ಕೆ ಬಲಿಯಾದವಳು ಬದುಕಬೇಕು. ಎರಡು ಮಾತೂ ಒಂದೇ ಬಾಯಿಂದ ಬಂದವು. ಕುಡಿಯುವವನ ಬಾಯಿಂದಲೂ ಬರಬಹುದು.

ಹೊರಗಿನ ಉದಾಹರಣೆಗಳೂ ಇವೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವನು, ಇನ್ನೊಬ್ಬ ಶಸ್ತ್ರವೈದ್ಯ, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡರು. ಉಪದೇಶದಿಂದ ಆಗದ್ದು ಹೇಳಿಕೊಳ್ಳುವುದರಿಂದ ಆಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. 1970ರ ದಶಕದ ಕೊನೆಗೆ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರು ತಮ್ಮದೇ ಸಂಘ ಕಟ್ಟಿದರು. ಜನ ಬೈಯಲು ಬಳಸುವ ಶಬ್ದವನ್ನೇ ಸಂಘದ ಹೆಸರಿಗೆ ಇಟ್ಟುಕೊಂಡರು. 'ದಲಿತ' ಎಂಬ ಶಬ್ದವನ್ನು ಎದೆಗೆ ಹಚ್ಚಿಕೊಂಡ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. 1984ರಲ್ಲಿ ಆಂಸ್ಟರ್‌ಡ್ಯಾಮ್‌ನಲ್ಲಿ ಕಾಮಾಲೆ ಹರಡಿದಾಗ ಹಳೆಯ ಸೂಜಿ ಕೊಟ್ಟು ಹೊಸ ಸೂಜಿ ಪಡೆಯುವ ಏರ್ಪಾಡಿಗೆ ಒತ್ತಾಯಿಸಿದವರೂ ಚುಚ್ಚಿಕೊಳ್ಳುವವರೇ. ನಮ್ಮ ದೇಶದ ಇಂಫಾಲದಲ್ಲಿ 1991ರಲ್ಲಿ ಮಾದಕ ವಸ್ತುವಿನ ಚಟದಿಂದ ಹೊರಬಂದ ಗೆಳೆಯರು ಸೇರಿ ಏಡ್ಸ್ ಸಾವಿನ ನಡುವೆ ಕೆಲಸ ಶುರು ಮಾಡಿದರು. ಮೈಸೂರಿನಲ್ಲಿ ಲೈಂಗಿಕ ಕಾರ್ಮಿಕರು ಆಶೋದಯ ಸಮಿತಿ ಕಟ್ಟಿದರು. ಎಲ್ಲ ಕಡೆಯೂ ತತ್ವ ಒಂದೇ: ನಮ್ಮ ಬಗ್ಗೆ ಮಾತಾಡುವುದಾದರೆ ನಮ್ಮನ್ನು ಕೂರಿಸಿಕೊಂಡು ಮಾತಾಡಿ.

ನಮ್ಮ ರಾಜ್ಯದಲ್ಲಿ ಏನೂ ಇಲ್ಲ ಎನ್ನುವುದು ಸುಳ್ಳಾಗುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರದಿಂದ ಹೊರಬಂದವರು ನವಜೀವನ ಸಮಿತಿ ಎಂದು ಸೇರುತ್ತಾರೆ. ಬಿಟ್ಟವರು ಬಿಟ್ಟವರನ್ನು ಕಾಯುವ ಆ ಏರ್ಪಾಡಿನಲ್ಲಿ ನಾವು ಕಲಿಯುವುದಿದೆ. ನಮ್ಮ ತಕರಾರು ಎರಡು. ಅಲ್ಲಿ ಬದಲಾವಣೆ ದೇವರ ಮುಂದಿನ ಆಣೆಯಾಗುತ್ತದೆ, ಹಕ್ಕಿನ ಮಾತಾಗುವುದಿಲ್ಲ. ಆಣೆ ಮುರಿದವನು ಪಾಪಿಯಾಗುತ್ತಾನೆ. ಎರಡನೆಯದು, ಬಿಟ್ಟವನಿಗೆ ಸಮಿತಿ ಇದೆ. ಬಿಡಲಾಗದವನಿಗೆ ಏನಿದೆ? ಈ ಪ್ರಶ್ನೆಯನ್ನು ದೇವಸ್ಥಾನ ಕೇಳಬೇಕಾಗಿಲ್ಲ. ನಾವು ಕೇಳಬೇಕು.

5

ಬಿಡಲಾಗದವನಿಗೆ ಗೊತ್ತಿರುವ ಸಂಗತಿಗಳು ನಮ್ಮ ನಾಟಕಕ್ಕೆ ಗೊತ್ತಿಲ್ಲ. ಒಂದೇ ಉದಾಹರಣೆ ಕೊಡುತ್ತೇವೆ. ನಾಟಕದಲ್ಲಿ ಕುಡುಕ ಬಾಟಲಿ ಎಸೆದು "ಇವತ್ತಿಂದ ಬಿಟ್ಟೆ" ಎನ್ನುತ್ತಾನೆ, ಚಪ್ಪಾಳೆ ಬೀಳುತ್ತದೆ. ಇಪ್ಪತ್ತು ವರ್ಷ ದಿನಾ ಕುಡಿದವನು ಹಾಗೆ ಒಂದೇ ಏಟಿಗೆ ಬಿಟ್ಟರೆ ಏನಾಗುತ್ತದೆ? ಮೊದಲ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸು. ಎರಡನೇ ಮೂರನೇ ದಿನ ಇನ್ನು ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಂತೆ, ಸತ್ತವರು ಕರೆದಂತೆ ಕಾಣಿಸುತ್ತದೆ. ಮನೆಯವರು ದೆವ್ವ ಎಂದು ಪೂಜಾರಿಯ ಹತ್ತಿರ ಒಯ್ಯುತ್ತಾರೆ. ಅದು ದೆವ್ವವಲ್ಲ, ಮದ್ಯ ನಿಂತ ಮೈಯ ರೋಗ, ಆಸ್ಪತ್ರೆಯಲ್ಲಿ ಮದ್ದಿದೆ, ಹೊತ್ತು ಮೀರಿದರೆ ಜೀವಕ್ಕೆ ಅಪಾಯ. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಅಂಗಡಿ ಬಂದ್ ಆದಾಗ ಇಡೀ ರಾಜ್ಯ ಇದನ್ನು ಕಂಡಿತು. ಮೇ 4ರ ಸಾಲು ನೋಡಿ ಟಿವಿಯವರು ನಕ್ಕರು. ಆ ನಲವತ್ತು ದಿನ ಮನೆಗಳೊಳಗೆ ನಡುಗಿದವರನ್ನು ಯಾರೂ ತೋರಿಸಲಿಲ್ಲ. ನಮ್ಮ ನಾಟಕ ಕಲಿಸಿದ ಬಿಡುವ ರೀತಿ ಒಬ್ಬನನ್ನು ಕೊಲ್ಲಬಲ್ಲದು. ಬಿಡಬೇಕಾದವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ರಾತ್ರಿ ಪಕ್ಕದಲ್ಲಿ ಕೂರಬೇಕು ಎಂಬುದನ್ನು ಹೇಳಬಲ್ಲವನು ಆ ರಾತ್ರಿ ಕಂಡವನೇ.

ಕಾನೂನಿನ ಮಾತೂ ಹಾಗೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮಾದಕದ ತೊಂದರೆಯನ್ನೂ ಕಾಯಿಲೆಯ ಲೆಕ್ಕಕ್ಕೆ ತಂದಿದೆ. ಯಾವ ರೋಗಿಯನ್ನೂ ಸರಪಳಿಯಿಂದ ಕಟ್ಟುವಂತಿಲ್ಲ ಎಂದು ಅದರಲ್ಲಿ ಬರೆದಿದೆ. ಚಟ ಬಿಡಿಸುವ ಹೆಸರಲ್ಲಿ ಕಟ್ಟಿ ಬಡಿದ ಗುರುತನ್ನು ಬೆನ್ನಿನ ಮೇಲೆ ಹೊತ್ತವರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಈ ಕಾಯ್ದೆಯ ಹೆಸರೂ ಕಿವಿಗೆ ಬಿದ್ದಿಲ್ಲ. ಈಗ ಹುಡುಗರ ಕೈಗೆ ಗಾಂಜಾ ಬಂದಿದೆ, ಮಾತ್ರೆ ಬಂದಿದೆ, ಚಿಂದಿ ಆಯುವ ಮಕ್ಕಳ ಕೈಗೆ ಪಂಕ್ಚರ್ ಸಲ್ಯೂಷನ್ ಬಂದಿದೆ. ಚಿಲುಮೆ ಗುಡಿಯ ಕಟ್ಟೆಯ ಮೇಲೆ ಸುತ್ತಿದರೆ ಪ್ರಸಾದ, ಕೇರಿಯಲ್ಲಿ ಸುತ್ತಿದರೆ ಕೇಸು. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇದಿದ್ದಕ್ಕೆ ಆರು ತಿಂಗಳ ತನಕ ಜೈಲು, ಇಲ್ಲವೇ ಹತ್ತು ಸಾವಿರದ ತನಕ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 64ಎ ಕಲಂ, ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋದರೆ ಆ ಕೇಸಿನಿಂದ ರಕ್ಷಣೆ ಕೊಡುತ್ತದೆ. 27 ಪೊಲೀಸರಿಗೆ ಬಾಯಿಪಾಠ. 64ಎ ಕೇರಿಗೆ ಯಾರು ಮುಟ್ಟಿಸಬೇಕು?

6

ಇಷ್ಟು ಬರೆದು ಹೆಣ್ಣುಮಕ್ಕಳ ಮಾತು ಬರೆಯದಿದ್ದರೆ ನಾವು ರಾಜರತ್ನಂ ಅವರ ತಪ್ಪನ್ನೇ ಮಾಡಿದಂತೆ.

ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಿದರು. ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿ 1993ರ ಅಕ್ಟೋಬರಿಗೆ ಸಾರಾಯಿ ನಿಂತಿತು. 1995ರಲ್ಲಿ ಪೂರ್ಣ ನಿಷೇಧವೂ ಬಂತು, ಎರಡು ವರ್ಷಕ್ಕೆ ಸಡಿಲವಾಯಿತು. ನಮ್ಮಲ್ಲಿ 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತ ಇನ್ನೂರು ಕಿಲೋಮೀಟರ್ ನಡೆದು ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು. ಅವರ ಕಾಲಿನ ಬೊಕ್ಕೆಗಳ ಮುಂದೆ ನಮ್ಮ ವಾದ ಸಣ್ಣದು. ಅವರೂ ಸಮಾನದುಃಖಿಗಳ ಸಂಘವೇ. ಕುಡಿತದ ಏಟು ತಿಂದವರು ತಾವೇ ಬಾಯಿ ತೆರೆದರು.

ಹಡಗಲಿ ಕಡೆಯ ಒಬ್ಬ ತಾಯಿಗೆ ನಾವು ಕುಡಿಯುವವರ ಸಂಘದ ಮಾತು ಹೇಳಿದಾಗ ಆಕೆ ಸೆರಗು ಕೊಡವಿ ಎದ್ದಳು. "ಅವರಿಗೂ ಒಂದು ಸಂಘ ಬ್ಯಾರೆ ಕೇಡು. ಹೊಡಸಿಕೊಂಡಾಕಿ ನಾನು, ಔಷಧ ಅವಗ, ಸಂಘ ಅವಗ." ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಅಂದಳು: "ಮಾಡೂದಾದ್ರ ಹಿಂಗ ಮಾಡ್ರಿ. ಹೊಡದಾವಗ ಸಂಘದಾಗ ಜಾಗ ಇಲ್ಲ ಅನ್ರಿ. ನನ್ನ ಕೂಲಿ ನನ್ನ ಕೈಗೇ ಬರಬೇಕು ಅಂತ ಅವನ ಬಾಯಾಗ ಹೇಳಸ್ರಿ. ಮತ್ತ ಕುಡಿಯೋ ಹೆಣ್ಮಕ್ಕಳು ಇಲ್ಲೇನು? ಅವರನ್ನ ಯಾರು ಕರೀತೀರಿ?"

ಆಕೆಯ ಮೂರು ಮಾತೂ ನಮ್ಮ ಯೋಚನೆಯಲ್ಲಿ ಇರಲಿಲ್ಲ. ಕುಡಿತ ಕಾಯಿಲೆ ಎಂದು ಒಪ್ಪುವುದು ಹೊಡೆತಕ್ಕೆ ಕ್ಷಮೆಯಲ್ಲ. ಕುಡಿಯುವ ಎಲ್ಲರೂ ಹೊಡೆಯುವುದಿಲ್ಲ, ಕುಡಿಯದೆಯೂ ಹೊಡೆಯುವವರು ಊರ ಮೇಲುಕೇರಿಯಲ್ಲಿ ಬೇಕಾದಷ್ಟು ಇದ್ದಾರೆ. ಹೊಡೆತಕ್ಕೆ ಹೆಂಡದ ನೆಪ ಕೊಡುವ ಗಂಡಸಿನ ಸುಳ್ಳನ್ನು ಮೊದಲು ಬಿಡಿಸಬೇಕಾದವರು ಅವನ ಜೊತೆ ಕುಡಿಯುವವರೇ. ಇನ್ನು ಕುಡಿಯುವ ಹೆಣ್ಣು. ಗಂಡು ಕುಡಿದರೆ ನಮ್ಮ ನಾಟಕಕ್ಕೆ ಪಾತ್ರವಾದರೂ ಆಗುತ್ತಾನೆ. ಬೆನ್ನು ಮುರಿಯುವ ಕೂಲಿಯ ನೋವಿಗೆ, ಮುತ್ತು ಕಟ್ಟಿಸಿಕೊಂಡ ನೋವಿಗೆ ಕುಡಿಯುವ ಹೆಣ್ಣು ಪಾತ್ರವೂ ಅಲ್ಲ, ಪ್ರಶ್ನೆಯೂ ಅಲ್ಲ. ಅವಳನ್ನು ಬಿಟ್ಟು ಕಟ್ಟಿದ ಸಂಘ ಇನ್ನೊಂದು ಗಂಡಸರ ಕಟ್ಟೆಯಾಗುತ್ತದೆ.

7

ಹಾಗಾದರೆ ಮಾಡಬೇಕಾದ್ದೇನು? ಕರಡು ನಮ್ಮ ಹತ್ತಿರ ಇಲ್ಲ. ನಾವೇ ಕರಡು ಮಾಡಿದರೆ ಈವರೆಗೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ನಮ್ಮಿಂದ ಆಗುವ ಕೆಲಸ ಸಣ್ಣದು.

ಕುಡಿದು ಬಂದವನನ್ನು ಸಭೆಯಿಂದ ಎಬ್ಬಿಸುವುದನ್ನು ಬಿಡೋಣ. ಗಲಾಟೆ ಮಾಡಿದರೆ ಹೇಳೋಣ, ವಾಸನೆ ಬಂದರೆ ಬೇಡ. ಕುಡಿಯುತ್ತಾನೆ ಎಂಬ ಒಂದೇ ಕಾರಣಕ್ಕೆ ಜಾಬ್ ಕಾರ್ಡ್, ರೇಷನ್ ಕಾರ್ಡ್, ಆಸ್ಪತ್ರೆಯ ಹಾಸಿಗೆ ತಪ್ಪಿದವನ ಪರವಾಗಿ ಅರ್ಜಿ ಬರೆಯೋಣ, ಅರ್ಜಿಯ ಕೆಳಗೆ ಅವನ ಹೆಬ್ಬೆಟ್ಟು ಇರಲಿ, ನಮ್ಮ ಸಹಿ ಬೇಡ. ಪೌಚು ಮಾರುವ ಕಿರಾಣಿ ಅಂಗಡಿಯ ವಿರುದ್ಧ ಹೋಗುವಾಗ, ಅಲ್ಲಿ ಕೊಳ್ಳುವವರನ್ನೂ ಕರೆದು ಕೇಳಿಕೊಂಡು ಹೋಗೋಣ. ಸಾಲದ ಚೀಟಿ ಯಾರ ಹೆಸರಲ್ಲಿದೆ, ಬಡ್ಡಿ ಎಷ್ಟು, ಪೌಚು ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಇವೆಲ್ಲ ಅವರಿಗೆ ಗೊತ್ತು. ನಿಷೇಧ ಕೇಳುವ ತಾಯಂದಿರೂ ಕುಡಿಯುವ ಅಪ್ಪಂದಿರೂ ಒಬ್ಬರಿಗೊಬ್ಬರು ಶತ್ರುಗಳಾಗಿ ನಿಂತಷ್ಟು ಹೊತ್ತು ನಲವತ್ತು ಸಾವಿರ ಕೋಟಿಯ ಗುರಿ ಇಟ್ಟವನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾನೆ.

ಸಾಹಿತ್ಯದ ಮಟ್ಟಿಗೆ ಒಂದು ಮಾತು. ಈ ಪತ್ರಿಕೆಯ ಪುಟಗಳು ಕುಡಿಯುವವರ ಬರಹಕ್ಕೆ ತೆರೆದಿರಲಿ. ಬರೆಯಲು ಬಾರದವರು ಹೇಳಲಿ, ಬಲ್ಲವರು ಬರೆದುಕೊಳ್ಳಲಿ, ಬರೆದುಕೊಂಡದ್ದನ್ನು ಅವರಿಗೇ ಓದಿ ತೋರಿಸಲಿ, ಅವರು ಹೂಂ ಅಂದ ಮೇಲೆ ಅಚ್ಚಾಗಲಿ. ಬಿಟ್ಟವರ ಕಥೆ ಮಾತ್ರ ಬೇಕು ಎಂಬ ಷರತ್ತು ಬೇಡ. ಬಿಟ್ಟೆ ಎಂದು ಮುಗಿಯುವ ಕಥೆ ನಮಗೆ ಹಿತ, ಆದ್ದರಿಂದ ಅದರ ಮೇಲೆ ನಮಗೆ ಅನುಮಾನವೂ ಇರಲಿ. ಹೆಸರು ಬೇಡ ಎಂದವರ ಹೆಸರು ಬೇಡ.

ಆ ನಾಟಕವನ್ನು ನಾವು ಮತ್ತೆ ಆಡುವುದಿದೆ. ಕುಡುಕನ ಪಾತ್ರ ಹೇಗೆ ಮಾಡಬೇಕೆಂದು ಅವತ್ತು ಹೆಗಲ ಮೇಲೆ ಕೈಯಿಟ್ಟವನನ್ನೇ ಕೇಳೋಣ ಎಂದು ಆ ಕೇರಿಗೆ ಹೋಗಿದ್ದೆವು. ಅವನು ಗುಳೆ ಹೋಗಿದ್ದ, ಬೆಂಗಳೂರಿನ ಕಡೆ ಎಲ್ಲೋ ಕಟ್ಟಡದ ಕೆಲಸ ಅಂದರು. ಅವನ ಹೆಂಡತಿ ಬಾಗಿಲಲ್ಲಿ ನಿಂತು, ಯಾಕೆ ಬಂದಿರಿ ಎಂದು ಕೇಳಿದಳು. ಹೇಳಿದೆವು. ಆಕೆ ನಗಲಿಲ್ಲ.

"ಅವ ಬಂದ್ಮ್ಯಾಲ ಬರ್ರಿ" ಅಂದಳು. "ನಾನೂ ಒಂದೀಟು ಹೇಳೂದೈತಿ."

ಹೋಗುತ್ತೇವೆ.